ಸಣ್ಣ ಗುಂಡಿನ ಪಾಪ

ಹೋದ ವಾರ ಬೂದುಗುಂಬಳಕಾಯಿ ತರಲು ಕೋಯಂಬೇಡು ಮಾರುಕಟ್ಟೆಗೆ ಹೋಗಿದ್ದೆ. ಬೆಳಗಿನ ಜಾವ ಮಳೆ ಬಂದು ನೆಲವೆಲ್ಲ ರಾಡಿಯಾಗಿತ್ತು. ಕೊಳೆತ ಕೋಸಿನ ಎಲೆ, ಚೆಂಡುಹೂವು, ಲಾರಿಯ ಹೊಗೆ ಇವೆಲ್ಲದರ ನಡುವೆ ಯಾರೋ ಒಬ್ಬ ನೆನೆದ ಕಡಲೆಕಾಯಿ ಹಿಂಡಿಯ ಮೂಟೆಗಳನ್ನು ಕೈಗಾಡಿಯಲ್ಲಿ ಹೇರಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎಲ್ಲಿಲ್ಲದ ಸಿಟ್ಟು ಬಂತು. ಕುಂಬಳಕಾಯಿಯವನು ಏನೂ ತಪ್ಪು ಮಾಡಿರಲಿಲ್ಲ. ಆದರೂ ಅವನ ಮೇಲೆ ರೇಗಿ, ಕಾಯಿಯನ್ನೂ ಕೊಳ್ಳದೆ ಬಸ್ಸು ಹತ್ತಿದೆ. ಸಿಟ್ಟು ಯಾರ ಮೇಲೆ ಅಂತ ಹುಡುಕಬೇಕಾಗಿರಲಿಲ್ಲ. ಎರಡು ವರ್ಷದ ಹಿಂದಿನ ಮಳೆಗಾಲದಿಂದ ಅದು ನನ್ನ ಅಣ್ಣನ ಮೇಲೇ ಇದೆ.

ನಮ್ಮದು ಮದ್ರಾಸಿನಲ್ಲಿ ತಲೆಮಾರುಗಳಿಂದ ಬೇರೂರಿದ ಮಾಧ್ವರ ಮನೆ. ಮನೆಯೊಳಗೆ ಕನ್ನಡ, ಬೀದಿಯಲ್ಲಿ ತಮಿಳು, ಜಗಳಕ್ಕೆ ಎರಡೂ. ಅಣ್ಣ ಶ್ರೀಪಾದ ಆಡಿಟರ್. ನುಂಗಂಬಾಕ್ಕಂನ ಹಳೆಯ ಬೀದಿಯೊಂದರಲ್ಲಿ ಮಹಡಿಯ ಮೇಲೆ ಮನೆ, ಕೆಳಗೆ ಆಫೀಸು. ತಿರುವಳ್ಳೂರು ದಾಟಿದ ಮೇಲೆ ಅಪ್ಪ ಬಿಟ್ಟುಹೋದ ಒಂದು ಸಣ್ಣ ತೆಂಗಿನ ತೋಟವಿದೆ, ಅದರಲ್ಲೊಂದು ಕೊಟ್ಟಿಗೆ, ಆಗ ಐದು ಹಸು. ಬ್ಯಾಂಕಿನ ಕೆಲಸದಿಂದ ನಿವೃತ್ತಿಯಾದ ಮೇಲೆ ನಾನು ವಾರದ ಹೆಚ್ಚು ದಿನ ಅಲ್ಲೇ ಇರುತ್ತಿದ್ದೆ. ಅಣ್ಣನಿಗೆ ಗೋವೆಂದರೆ ಪ್ರಾಣ. ತಿಂಗಳಿಗೊಮ್ಮೆ ಕಾರಿನಲ್ಲಿ ಬಂದು, ಪಂಚೆ ಎತ್ತಿ ಹಿಡಿದು, ಸಗಣಿ ತುಳಿಯದ ಹಾಗೆ ಕಾಲಿಟ್ಟು, ಹಸುವಿನ ಬೆನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಫೋಟೋ ತೆಗೆಸಿಕೊಂಡು ಹೋಗುತ್ತಿದ್ದ. ಮನೆಯ ದೇವರ ಅಭಿಷೇಕಕ್ಕೆ ನಮ್ಮದೇ ಹಾಲು, ನಮ್ಮದೇ ತುಪ್ಪ ಅಂತ ಬಂದವರಿಗೆಲ್ಲ ಹೇಳುತ್ತಿದ್ದ.

ಆ ಹಾಲು ಕರೆಯುತ್ತಿದ್ದವಳು ಸೆಲ್ವಿ. ಗಂಡ ಸತ್ತ ಮೇಲೆ ತೋಟದ ಮೂಲೆಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಕಪ್ಪಗೆ, ಗಟ್ಟಿಮುಟ್ಟಾಗಿ, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಹಸುಗಳನ್ನು ಬೈಯುತ್ತಲೇ ಸಾಕುವವಳು. ಸಂಜೆ ಧಾರಾವಾಹಿ ಶುರುವಾದರೆ ಕರು ಕೂಗಿದರೂ ಏಳುತ್ತಿರಲಿಲ್ಲ. ನಾನು ರಬ್ಬರ್ ಬೂಟು ತಂದುಕೊಟ್ಟರೆ, ಜಾರುತ್ತದೆ ಅಂತ ಅದರಲ್ಲಿ ಕರಿಬೇವಿನ ಸಸಿ ನೆಟ್ಟಿದ್ದಳು. ನನಗೂ ಅವಳಿಗೂ ದಿನಕ್ಕೊಂದು ಜಗಳ. ಅವಳಿಲ್ಲದೆ ನನಗೆ ಅಲ್ಲಿ ಹೊತ್ತು ಹೋಗುತ್ತಿರಲಿಲ್ಲ.

ಆ ವರ್ಷ ಆಷಾಢದ ಹೊತ್ತಿಗೇ ಹೆಗ್ಗಣಗಳ ಕಾಟ ಮಿತಿ ಮೀರಿತು. ಸೆಲ್ವಿ ಅವನ್ನು ಪೆರುಚ್ಚಾಳಿ ಎನ್ನುತ್ತಿದ್ದಳು, ಜೊತೆಗೆ ನಾನು ಬರೆಯಲಾಗದ ಇನ್ನೊಂದು ವಿಶೇಷಣವನ್ನೂ ಸೇರಿಸುತ್ತಿದ್ದಳು. ಬೆಕ್ಕು ನೋಡಿದರೆ ಬೆಕ್ಕೇ ಪಕ್ಕಕ್ಕೆ ಸರಿಯುವಂಥ ಹೆಗ್ಗಣಗಳು. ಹಿಂಡಿಯ ಮೂಟೆ ಕೊರೆದವು, ತವುಡಿನ ಡ್ರಮ್ಮಿನ ಮುಚ್ಚಳ ಕಡಿದವು, ಕೊಟ್ಟಿಗೆಯ ನೆಲದಡಿ ಬಿಲ ತೋಡಿ ಕಲ್ಲು ಕುಸಿಯುವಂತೆ ಮಾಡಿದವು. ಕಡೆಗೆ ಮಲಗಿದ್ದ ಎಳೆಗರುವಿನ ಗೊರಸಿನ ಅಂಚನ್ನೂ ಕಚ್ಚಿದವು. ವಿಷ ಇಡುವ ಹಾಗಿರಲಿಲ್ಲ. ಹಿಂದೊಮ್ಮೆ ಇಟ್ಟಾಗ ಸೆಲ್ವಿಯ ನಾಯಿ ಸತ್ತ ಇಲಿ ತಿಂದು ತಾನೂ ಸತ್ತಿತ್ತು.

ನಮ್ಮ ಮನೆತನದಲ್ಲಿ ಇದಕ್ಕೊಂದು ಪದ್ಧತಿಯಿದೆ. ಇಲಿಯನ್ನು ಬೋನಿನಲ್ಲಿ ಹಿಡಿಯಬೇಕು, ಕೊಲ್ಲಬಾರದು, ದೂರ ಒಯ್ದು ಬಿಡಬೇಕು. ನುಂಗಂಬಾಕ್ಕಂನಲ್ಲಿ ಅತ್ತಿಗೆ ಹಿಡಿದ ಇಲಿಗಳನ್ನೆಲ್ಲ ಡ್ರೈವರ್ ಕೂವಂ ನದಿಯ ಆಚೆ ಬಿಟ್ಟುಬರುತ್ತಾನೆ. ಆಚೆಯೂ ಜನ ಇದ್ದಾರೆ, ಅವರ ಮನೆಯಲ್ಲೂ ಅಕ್ಕಿಯ ಡಬ್ಬ ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ. ತೋಟದಲ್ಲೂ ಅದೇ ಕ್ರಮ ಆಗಬೇಕೆಂದು ಅಣ್ಣನ ಅಪ್ಪಣೆಯಾಯಿತು. ಸೆಲ್ವಿ ಬೋನು ಹೊತ್ತು ಕಾಲುವೆ ದಾಟಿ ಪಕ್ಕದವರ ಗದ್ದೆಗೆ ಬಿಟ್ಟುಬಂದಳು. ಗದ್ದೆಯವನು ಬಂದು ನನ್ನ ಮುಖಕ್ಕೆ ಉಗಿಯುವುದೊಂದು ಬಾಕಿ. ಅವನ ಜಾಗದಲ್ಲಿ ನಾನಿದ್ದರೆ ಅದನ್ನೂ ಮಾಡುತ್ತಿದ್ದೆ. ಹೆಗ್ಗಣಗಳಂತೂ ಎರಡೇ ದಿನಕ್ಕೆ ಮರಳಿ ಬಂದವು.

ಏರ್ ಗನ್ ತರೋಣ ಅಂದವಳು ನಾನು. ವಿಷವಿಲ್ಲ, ತಿಂದ ನಾಯಿ ಬೆಕ್ಕಿಗೆ ಅಪಾಯವಿಲ್ಲ, ಹೊಡೆದದ್ದು ಅಲ್ಲೇ ಬಿದ್ದರೆ ಎತ್ತಿ ಹೂಳಬಹುದು. ಅಣ್ಣನ ಮನೆಯ ಕಾಫಿಯ ಹೊತ್ತಿನಲ್ಲಿ ಈ ಮಾತು ಎತ್ತಿದಾಗ ಇಂದಿರಾ ಅತ್ತಿಗೆಯ ಕೈಯ ಲೋಟ ಅರ್ಧದಲ್ಲೇ ನಿಂತಿತು. ಚಾತುರ್ಮಾಸ್ಯ ಶುರುವಾಗಿದೆ, ತರಕಾರಿ ಕೂಡ ಬಿಟ್ಟು ವ್ರತದಲ್ಲಿದ್ದೇವೆ, ಇಂಥ ಹೊತ್ತಿನಲ್ಲಿ ಜೀವಹಿಂಸೆಯ ಮಾತಾ ಅಂತ ಕೇಳಿದರು. ಅಣ್ಣ ಮಾತ್ರ, ಸೋಜಿಗವೆಂಬಂತೆ, ಬೇಡ ಅನ್ನಲಿಲ್ಲ. ಲೆಕ್ಕಪತ್ರ ನೋಡುವವರಿಗೆ ಎರಡು ಬಗೆಯಲ್ಲಿ ಒಂದನ್ನು ಆರಿಸುವ ಕೆಲಸ ಸಿಕ್ಕರೆ ಉತ್ಸಾಹ ಬರುತ್ತದೆಯೋ ಏನೋ. ಮುಂದಿನ ಭಾನುವಾರದ ಹೊತ್ತಿಗೆ ಫೋನಿನಲ್ಲಿ ವಿಡಿಯೋ ನೋಡಿ ನೋಡಿ ಪಂಡಿತನಾಗಿದ್ದ. ಪಾಯಿಂಟ್ ಒನ್ ಸೆವೆನ್ ಸೆವೆನ್ ಅಂದರೆ ನಾಲ್ಕೂವರೆ ಮಿಲಿಮೀಟರಿನ ಗುಂಡು, ಹಗುರ, ವೇಗ ಜಾಸ್ತಿ. ಪಾಯಿಂಟ್ ಟೂ ಟೂ ಅಂದರೆ ಐದೂವರೆ ಮಿಲಿಮೀಟರ್, ಭಾರ, ನಿಧಾನ, ಆದರೆ ಪೆಟ್ಟು ಬಲ. ನನಗೆ ಚಿತ್ರ ಬರೆದು ತೋರಿಸಿದ.

ಹೆಗ್ಗಣಕ್ಕೆ ದೊಡ್ಡದೇ ಸರಿ ಅಂದೆ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಅಂತ ನನಗನಿಸಿತ್ತು. ಅಲ್ಲಿಂದ ಶುರುವಾಯಿತು ನೋಡಿ ಒಂದು ಮಿಲಿಮೀಟರಿನ ಧರ್ಮಶಾಸ್ತ್ರ.

"ದೊಡ್ಡ ಗುಂಡು ಅಂದ್ರೆ ಕೊಲ್ಲಬೇಕು ಅಂತ್ಲೇ ಹೊಡ್ದ ಹಾಗಾಗತ್ತೆ," ಅಂದರು ಅತ್ತಿಗೆ. "ಸಣ್ಣದಾದ್ರೆ, ಪಾವಂ, ತಪ್ಪಿಸ್ಕೊಳ್ಳೋಕೆ ಅದಕ್ಕೂ ಒಂದು ಚಾನ್ಸ್ ಇರತ್ತೆ."

"ಹೊಡ್ತ ತಿಂದು, ಸಾಯ್ದೆ, ಬಿಲದಲ್ಲಿ ಒದ್ದಾಡೋದು ಚಾನ್ಸಾ ಅತ್ತಿಗೆ?"

"ಚುಮ್ಮಾ ಇರು ಸುಧಾ," ಅಂದ ಅಣ್ಣ. "ಉದ್ದೇಶ ಅನ್ನೋದು ಒಂದಿದೆ. ನಮ್ಮ ಉದ್ದೇಶ ಓಡಿಸೋದು. ಸತ್ರೆ ಅದರ ಕರ್ಮ."

ಇವರು ಕೆಟ್ಟವರಲ್ಲ, ಅದೇ ನನ್ನ ಕಷ್ಟ. ಇರುವೆ ಸಾಲು ಕಂಡರೆ ದಾಟಿ ಹೋಗುವವರು. ಆದರೆ ಕೊಲ್ಲಬೇಕೋ ಬೇಡವೋ ಎನ್ನುವುದನ್ನು ಅವರು ನಿರ್ಧರಿಸುತ್ತಿರಲಿಲ್ಲ. ಕೊಲ್ಲುವುದಂತೂ ಖಚಿತ, ತಮ್ಮ ಲೆಕ್ಕಕ್ಕೆ ಬಾರದ ಹಾಗೆ ಹೇಗೆ ಕೊಲ್ಲುವುದು ಅಂತ ನೋಡುತ್ತಿದ್ದರು. ಕೊಲ್ಲುವುದಾದರೆ ಒಂದೇ ಪೆಟ್ಟಿಗೆ ಕೊಲ್ಲಬೇಕು, ಇಲ್ಲವಾದರೆ ಕೈಬಿಡಬೇಕು, ಅದಕ್ಕಿಂತ ದೊಡ್ಡ ದಯೆ ನನಗೆ ಗೊತ್ತಿಲ್ಲ ಅಂತ ಆವತ್ತು ಕೂಗಾಡಿದೆ. ನನಗೆ ಬಿಪಿ ಇದೆ ಅಂತ ನೆನಪಿಸಿ ಅತ್ತಿಗೆ ಇನ್ನೊಂದು ಲೋಟ ಕಾಫಿ ಕೊಟ್ಟರು.

ಮೌಂಟ್ ರೋಡಿನ ಒಳಗಲ್ಲಿಯ ಅಂಗಡಿಗೆ ಅಣ್ಣನ ಜೊತೆ ನಾನೂ ಹೋದೆ. ಅಂಗಡಿಯ ಯಜಮಾನ ತಾಳ್ಮೆಯ ಮನುಷ್ಯ. ಗುಂಡು ತಲೆಗೆ ಬಿದ್ದರೆ ಎರಡೂ ಒಂದೇ, ಬೇರೆ ಕಡೆ ಬಿದ್ದರೆ ದೊಡ್ಡದು ಪ್ರಾಣಿಯನ್ನು ಅಲ್ಲೇ ಕೆಡವುತ್ತದೆ, ಸಣ್ಣದು ಒಳಹೊಕ್ಕರೂ ಪ್ರಾಣಿ ಓಡಿಬಿಡುತ್ತದೆ ಅಂತ ಬಿಡಿಸಿ ಹೇಳಿದ. ಗುರಿ ಚೆನ್ನಾಗಿರುವವರಿಗೆ ಸಣ್ಣದು ಸಾಕು, ನಿಮ್ಮಲ್ಲಿ ಹೊಡೆಯುವವರು ಯಾರು ಅಂತ ಕೇಳಿದ. ತೋಟದಲ್ಲಿ ಆಳುಗಳಿದ್ದಾರೆ ಅಂದ ಅಣ್ಣ. ಆಳುಗಳು ಅಂತ ಬಹುವಚನದಲ್ಲಿ ಹೇಳಿದ್ದು ಒಬ್ಬಳೇ ಸೆಲ್ವಿಗೆ. ದೊಡ್ಡದಕ್ಕೆ ಲೈಸೆನ್ಸ್ ಬೇಕಾಗುತ್ತದೆ, ಸ್ಟೇಷನ್ನಿನಲ್ಲಿ ವಿಚಾರಿಸಿ ಬನ್ನಿ, ಸಣ್ಣದನ್ನು ಗುರುತಿನ ಚೀಟಿ ತೋರಿಸಿ ಒಯ್ಯಬಹುದು ಅಂತಲೂ ಯಜಮಾನ ಹೇಳಿದ. ನಾನೇ ಹೋಗಿ ಅರ್ಜಿ ಹಾಕುತ್ತೇನೆ ಅಂದೆ. ನಮ್ಮ ಮನೆಯ ಹೆಂಗಸು ಪೊಲೀಸರ ಮುಂದೆ ಹೋಗಿ ತುಪಾಕಿ ಕೇಳುವುದಾ ಅಂತ ಅಣ್ಣ ಕನ್ನಡದಲ್ಲಿ ಗದರಿದ, ಅಂಗಡಿಯವನಿಗೆ ತಿಳಿಯಬಾರದು ಅಂತ. ಸಣ್ಣದನ್ನೇ ಕೊಂಡ. ಕಾನೂನೂ ಧರ್ಮವೂ ಒಂದೇ ಕಡೆ ನಿಂತವಲ್ಲ ಅಂತ ದಾರಿಯುದ್ದಕ್ಕೂ ಖುಷಿಯಲ್ಲಿದ್ದ.

ತಂದರೇನಾಯಿತು, ಬಳಸುವ ಹಾಗಿಲ್ಲ. ಚಾತುರ್ಮಾಸ್ಯ ಮುಗಿಯುವವರೆಗೆ, ಅಂದರೆ ಉತ್ಥಾನ ದ್ವಾದಶಿಯ ತುಳಸಿ ಪೂಜೆ ಆಗುವವರೆಗೆ, ಹಿಂಸೆ ಕೂಡದು ಅಂತ ಅತ್ತಿಗೆ ಪಟ್ಟು ಹಿಡಿದರು. ಗನ್ನನ್ನು ಮಹಡಿ ಹತ್ತಿಸುವುದಕ್ಕೂ ಬಿಡಲಿಲ್ಲ. ಕೆಳಗೆ ಆಫೀಸಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಅಣ್ಣನ ಹಳೆಯ ಪಂಚೆ ಸುತ್ತಿಕೊಂಡು ಅದು ನಾಲ್ಕು ತಿಂಗಳು ನಿಂತಿತ್ತು. ಆಯುಧಪೂಜೆಯ ದಿನ ಕಂಪ್ಯೂಟರಿಗೂ ಕಾರಿಗೂ ಇಟ್ಟ ಹಾಗೆ ಅದಕ್ಕೂ ಕುಂಕುಮ ಇಟ್ಟು ಆರತಿ ಎತ್ತಿದರು. ನಾನು ತೋಟದಿಂದ ಫೋನು ಮಾಡಿದಾಗಲೆಲ್ಲ ಇನ್ನು ಸ್ವಲ್ಪ ದಿನ ಅಡ್ಜಸ್ಟ್ ಮಾಡಿಕೋ ಅನ್ನುತ್ತಿದ್ದರು. ಹೆಗ್ಗಣಗಳಿಗೆ ಚಾತುರ್ಮಾಸ್ಯವಿಲ್ಲ, ಅವು ಮರಿ ಹಾಕುತ್ತಲೇ ಇವೆ ಅಂತ ನಾನು ಹೇಳಿದ್ದನ್ನು ಅಣ್ಣ ತಮಾಷೆ ಅಂದುಕೊಂಡು ನಕ್ಕ.

ತಮಿಳರ ಐಪ್ಪಶಿ, ಅಂದರೆ ದೀಪಾವಳಿ ತಿಂಗಳ ಮಳೆ ಆ ವರ್ಷ ಹೊತ್ತಿಗೆ ಮುಂಚೆಯೇ ಹಿಡಿಯಿತು. ನಮ್ಮ ಕಡೆ ಅದು ಮಧ್ಯಾಹ್ನ ಮೋಡ ಕಟ್ಟಿ ಬಂದು ಹೋಗುವ ಮಳೆಯಲ್ಲ. ಸಮುದ್ರದ ಕಡೆಯಿಂದ ಬಂದು ಕೂತುಬಿಡುತ್ತದೆ. ಕಾಲುವೆ ತುಂಬಿ ತೋಟಕ್ಕೆ ನೀರು ನುಗ್ಗಿತು. ಬದುಗಳ ಬಿಲವೆಲ್ಲ ಮುಳುಗಿ, ಸುತ್ತಲಿನ ಹೆಗ್ಗಣಗಳೆಲ್ಲ ಎತ್ತರದಲ್ಲಿದ್ದ ನಮ್ಮ ಕೊಟ್ಟಿಗೆಗೆ ಬಂದು ಸೇರಿದವು. ಹಗಲಲ್ಲೇ ಮೇವಿನ ತೊಟ್ಟಿಯಲ್ಲಿ ಓಡಾಡುತ್ತಿದ್ದವು. ಹಿಂಡಿ ನೆನೆದು ಹುಳಿ ವಾಸನೆ ಹಿಡಿಯಿತು. ಗಂಜಲ, ಇಲಿಯ ಮೂತ್ರ, ಮಳೆನೀರು ಎಲ್ಲ ಕಲೆತ ಆ ಕೆಸರಿನಲ್ಲಿ ಸೆಲ್ವಿ ಬರಿಗಾಲಲ್ಲಿ ಬೆಳಗಿನಿಂದ ಸಂಜೆವರೆಗೆ ನಿಂತಿರುತ್ತಿದ್ದಳು. ಹುಲ್ಲು ಕೊಯ್ದು ಕೊಯ್ದು ಅವಳ ಬೆರಳುಗಳ ಸಂದಿ ಬಿರುಕು ಬಿಟ್ಟಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಬೆಳಿಗ್ಗೆ ಮತ್ತೆ ಕೆಸರಿಗೆ ಇಳಿಯುತ್ತಿದ್ದಳು.

ದ್ವಾದಶಿಯ ದಿನ ನುಂಗಂಬಾಕ್ಕಂನಲ್ಲಿ ನೆಲ್ಲಿಕಾಯಿಯ ಕೊಂಬೆ ಸಿಕ್ಕಿಸಿ ತುಳಸಿಗೆ ದೀಪ ಹಚ್ಚಿದರು. ಮರುದಿನ ಅಣ್ಣ ಕಾರಿನಲ್ಲಿ ಗನ್ ತಂದ. ಕೊಟ್ಟಿಗೆಯ ಬಾಗಿಲಲ್ಲಿ ನಿಂತು, ಮೂಗಿಗೆ ಕರ್ಚೀಫು ಹಿಡಿದು, ಅದನ್ನು ನೇರವಾಗಿ ಸೆಲ್ವಿಯ ಕಡೆ ಚಾಚಿದ. ನೀನು ಹೊಡಿ ಅಂದ. ಸೆಲ್ವಿ ಸೆರಗಿಗೆ ಕೈ ಒರೆಸಿಕೊಂಡು ಇಸಿದುಕೊಳ್ಳಲು ಮುಂದೆ ಬಂದಳು, ಅವಳಿಗೆ ಅದರಲ್ಲಿ ಯಾವ ಸಂಕೋಚವೂ ಇರಲಿಲ್ಲ. ನನಗೆ ಮೈ ಉರಿದುಹೋಯಿತು. ನಾಲ್ಕು ತಿಂಗಳು ಕೂತು ಗುಂಡಿನ ಗಾತ್ರ ಅಳೆದು, ತಿಥಿ ನೋಡಿ, ಪಾಪವನ್ನು ಇಷ್ಟಿಷ್ಟೇ ಸವೆಸಿ, ಉಳಿದದ್ದನ್ನು ಅವಳ ಕೈಗೆ ಕೊಡುತ್ತಿದ್ದ. ಗನ್ನನ್ನು ನಡುವೆಯೇ ನಾನು ಕಿತ್ತುಕೊಂಡೆ. ಮೊದಲ ಗುಂಡು ಹಾರುವ ಮೊದಲೇ ಅಣ್ಣ ಕಾರು ಹತ್ತಿದ್ದ. ರಸ್ತೆ ಹಾಳಾಗಿದೆ, ಬೆಳಕಿರುವಾಗಲೇ ಹೊರಡಬೇಕು ಅಂದ.

ತೆಂಗಿನ ಚಿಪ್ಪುಗಳನ್ನು ಸಾಲಾಗಿಟ್ಟು ಎರಡು ದಿನ ಗುರಿ ಕಲಿತೆ. ಚಿಪ್ಪು ಓಡುವುದಿಲ್ಲ, ಹೆಗ್ಗಣ ಓಡುತ್ತದೆ. ಮೊದಲನೆಯದಕ್ಕೆ ಗುಂಡು ತಲೆಗೇ ಬಿದ್ದು ಅದು ಅಲ್ಲೇ ಮಗುಚಿತು. ಸೆಲ್ವಿ ಚಪ್ಪಾಳೆ ತಟ್ಟಿದಳು. ಎರಡನೆಯದಕ್ಕೆ ಸೊಂಟಕ್ಕೆ ಬಿತ್ತು. ಅದು ಕೂಗಿದ ಕೂಗು ಎಳೆಮಗುವಿನದರ ಹಾಗಿತ್ತು. ಹಿಂಗಾಲು ಎಳೆದುಕೊಂಡು ಮೂಟೆಗಳ ಹಿಂದೆ ಹೋಗಿ ಸೇರಿತು. ಅದರ ಮುಂದಿನದೂ ಹಾಗೆಯೇ, ಅದರ ನಂತರದ್ದೂ ಹಾಗೆಯೇ. ಎಲ್ಲೋ ಗೋಡೆಯ ಸಂದಿನಲ್ಲಿ ಕೀಚು ಕೀಚು ಅಂತ ಬಹಳ ಹೊತ್ತು ಕೇಳಿಸುತ್ತಿತ್ತು. ಅತ್ತಿಗೆ ಹೇಳಿದ ಚಾನ್ಸು ಇದೇ. ಸಾಯುವುದಕ್ಕೆ ಸಂಜೆಯವರೆಗೆ ಕಾಯುವ ಚಾನ್ಸು.

ಮೂಟೆಗಳ ಹಿಂದೆ ಸತ್ತದ್ದು, ಸಾಯುತ್ತಿದ್ದದ್ದು ಎಲ್ಲ ಕೊಳೆಯತೊಡಗಿದರೆ ಹಸುಗಳ ಗತಿಯೇನು? ಸೆಲ್ವಿ ಮೊಣಕಾಲೂರಿ ಒದ್ದೆ ಹುಲ್ಲಿನೊಳಗೆ ತೋಳುದ್ದ ಕೈ ಹಾಕಿದಳು. ಕೋಲಿನಿಂದ ಎಳೆಯೇ ಅಂತ ನಾನು ಕೂಗಿದೆ. ಕೋಲಿಗೆ ಸಿಗುತ್ತಿಲ್ಲ ಅಂತ ಅವಳೂ ಕೂಗಿದಳು. ಒಂದೊಂದನ್ನೇ ಬಾಲ ಹಿಡಿದು ಎಳೆದು ಬಕೆಟ್ಟಿಗೆ ಹಾಕಿದಳು. ಮೊಣಕೈವರೆಗೆ ಕೆಸರು, ರಕ್ತ. ಅವತ್ತೊಂದೇ ದಿನವಲ್ಲ, ಆ ವಾರವೆಲ್ಲ ಇದೇ ಕೆಲಸವಾಯಿತು. ಆಮೇಲೆ ನಾನು ಗನ್ನನ್ನು ಮೂಲೆಗೆ ಎಸೆದು, ಮೇಸ್ತ್ರಿಯನ್ನು ಕರೆಸಿ, ನೆಲಕ್ಕೆ ಸಿಮೆಂಟು ಹಾಕಿಸಿ, ಹಿಂಡಿಗೆ ತಗಡಿನ ಪೆಟ್ಟಿಗೆ ಮಾಡಿಸಿದೆ. ಅಷ್ಟು ಹೊತ್ತಿಗೆ ತಡವಾಗಿತ್ತು.

ಕಾರ್ತಿಕದ ಕೊನೆಗೆ ಸೆಲ್ವಿಗೆ ಜ್ವರ ಬಂತು. ಮಳೆಯಲ್ಲಿ ನೆನೆದದ್ದಕ್ಕೆ ಅಂದುಕೊಂಡೆವು. ಊರಿನ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್ ಚುಚ್ಚಿ ಕಳಿಸಿದರು. ಆಮೇಲೆ ಮೀನಖಂಡ ಮುಟ್ಟಿದರೆ ಚೀರುವಷ್ಟು ನೋವು, ಕಣ್ಣು ಕೆಂಡದ ಹಾಗೆ ಕೆಂಪು. ಕೆಂಪಾಗಿದ್ದ ಕಣ್ಣು ಹಳದಿಯಾದಾಗ ಹಾಲಿನ ವ್ಯಾನಿನಲ್ಲೇ ಕೂರಿಸಿಕೊಂಡು ಮದ್ರಾಸಿನ ಸರ್ಕಾರಿ ಆಸ್ಪತ್ರೆಗೆ ಓಡಿದೆ. ಇಲಿ ಜ್ವರ ಅಂದರು. ಮೂತ್ರ ನಿಂತುಹೋಗಿತ್ತು. ಕಿಡ್ನಿ ಕೆಲಸ ಬಿಟ್ಟಿದೆ, ಡಯಾಲಿಸಿಸ್ ಮಾಡಬೇಕು, ಬದುಕುವ ಭರವಸೆ ಈಗಲೇ ಕೊಡಲಾರೆವು ಅಂದರು. ರಾಯಪುರಂನಲ್ಲಿ ಮೀನು ಮಾರುವ ಅವಳ ತಂಗಿ ಬುಟ್ಟಿಯನ್ನು ಯಾರದೋ ವಶಕ್ಕೆ ಕೊಟ್ಟು ಓಡಿಬಂದಳು. ನಾವಿಬ್ಬರೂ ವಾರ್ಡಿನ ಹೊರಗೆ ನೆಲದ ಮೇಲೆ ಒಂದೇ ಹೊದಿಕೆಯಲ್ಲಿ ಮಲಗಿದೆವು. ಅವಳು ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ನನಗೆ ಹಗುರಾಗುತ್ತಿತ್ತು.

ಯಾವ ದಿನದ ನೀರಿನಿಂದ, ಯಾವ ಇಲಿಯಿಂದ ಅಂತ ಹೇಳಲಾಗದು ಅಂದರು ಡಾಕ್ಟರು. ಮಳೆಗಾಲದ ಕೆಸರಿನಲ್ಲಿ ಯಾವಾಗ ಬೇಕಾದರೂ ಹತ್ತುತ್ತದಂತೆ. ಇರಬಹುದು. ಹಾಗಾದರೆ ಆ ಕೆಸರಿನಲ್ಲಿ ಹೆಗ್ಗಣಗಳು ನಾಲ್ಕು ತಿಂಗಳು ನೆಮ್ಮದಿಯಾಗಿ ಸಂಸಾರ ಮಾಡಲು ಬಿಟ್ಟವರು ಯಾರು? ಅಣ್ಣನಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವನು ಅಯ್ಯೋ ಅಂದ. ನಿಜವಾಗಿಯೇ ಬೇಜಾರಾಗಿತ್ತು ಅವನಿಗೆ, ದನಿಯಲ್ಲಿ ತಿಳಿಯುತ್ತಿತ್ತು. ಆಮೇಲೆ, "ಕೈಗೆ ಗ್ಲೌಸ್ ಹಾಕ್ಕೋ ಅಂತ ನೀನು ಅವಳಿಗೆ ಹೇಳಿರ್ಲಿಲ್ವಾ?" ಅಂದ. ನಾನು ಫೋನು ಇಟ್ಟೆ. ಇಲಿಗೆ ನೋವಾಗುತ್ತದೆಯೇ, ಎಷ್ಟು ನೋವಾದರೆ ಎಷ್ಟು ಪಾಪ ಅಂತ ಭಾನುವಾರದ ಮೇಲೆ ಭಾನುವಾರ ಮಾತಾಡಿದ ಮನೆಯಲ್ಲಿ ಸೆಲ್ವಿಯ ಕೈಯ ಬಗ್ಗೆ ಬಂದ ಮೊದಲನೇ ಮಾತು ಅದು.

ಸೆಲ್ವಿ ಬದುಕಿದಳು. ಡಯಾಲಿಸಿಸ್ಸಿನ ನಡುವೆ ಒಂದು ದಿನ ಮೂತ್ರ ಬಂತು ಅಂತ ಅವಳ ತಂಗಿ ವಾರ್ಡಿನ ತುಂಬ ಸಾರಿಕೊಂಡು ಬಂದಳು. ಮನೆಗೆ ಮರಳಿದಾಗ ಮೊದಲಿನ ಅರ್ಧ ಆಗಿದ್ದಳು. ತುಂಬಿದ ಬಕೆಟ್ಟು ಎತ್ತಲಾಗುತ್ತಿರಲಿಲ್ಲ, ಹಾಲು ಕರೆಯುತ್ತ ಕೂತರೆ ತಾನಾಗಿ ಏಳಲಾಗುತ್ತಿರಲಿಲ್ಲ. ಹಸುಗಳನ್ನು ಬೈಯುವುದನ್ನೂ ಬಿಟ್ಟಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಅಣ್ಣ ಅತ್ತಿಗೆ ಪುರೋಹಿತರಾದ ಆಚಾರ್ರನ್ನು ಕರೆದುಕೊಂಡು ತೋಟಕ್ಕೆ ಬಂದರು. ಕಾರಿನಿಂದ ಸಮಿತ್ತು, ತುಪ್ಪ, ಹೂವು ಇಳಿದವು. ಸೆಲ್ವಿ ಬದುಕಿ ಬಂದದ್ದಕ್ಕೇನೋ ಅಂದುಕೊಂಡೆ. ಅವಳಿಗೂ ಹಾಗೇ ಅನಿಸಿರಬೇಕು, ಸೀರೆ ಬದಲಿಸಿ ತಲೆ ಬಾಚಿಕೊಂಡು ಬಂದು ಕೊಟ್ಟಿಗೆಯ ಆಚೆ ತೆಂಗಿನ ಬುಡದಲ್ಲಿ ಕೂತಳು. ಆಚಾರ್ರು ಸಂಕಲ್ಪ ಮಾಡಿಸುವಾಗ ಮೂಷಿಕ ಅನ್ನುವ ಮಾತು ಕಿವಿಗೆ ಬಿತ್ತು. ಇನ್ನೊಮ್ಮೆ ಕಿವಿಗೊಟ್ಟು ಕೇಳಿದೆ. ಸತ್ತ ಹೆಗ್ಗಣಗಳ ವಧೆಯ ದೋಷ ನಮ್ಮ ಕುಟುಂಬಕ್ಕೆ ತಟ್ಟದಿರಲಿ ಅಂತ ಪ್ರಾಯಶ್ಚಿತ್ತದ ಹೋಮ. ಅಣ್ಣ, ಅತ್ತಿಗೆ, ನಾನು ಎಲ್ಲರ ಹೆಸರೂ ನಕ್ಷತ್ರವೂ ಬಂತು. ಅತ್ತಿಗೆ ಕಣ್ಣು ಮುಚ್ಚಿ ಕೈಮುಗಿದು ಕೂತಿದ್ದರು, ಕೆನ್ನೆಯ ಮೇಲೆ ನೀರಿತ್ತು. ನಾನು ಎದ್ದು ಬಂದು ಸೆಲ್ವಿಯ ಪಕ್ಕದಲ್ಲಿ ಕೂತೆ. ಏನು ಪೂಜೆ ಅಂತ ಅವಳು ಕೇಳಿದಳು. ಸುಳ್ಳು ಹೇಳಲು ಮನಸ್ಸಾಗಲಿಲ್ಲ, ಇದ್ದದ್ದನ್ನೇ ಹೇಳಿದೆ. ಅವಳು ಹೋಮದ ಹೊಗೆಯನ್ನು ನೋಡುತ್ತ ಕೂತಳು.

ಮುಗಿದ ಮೇಲೆ ಅಣ್ಣ ಪ್ರಸಾದದ ತಟ್ಟೆ ಹಿಡಿದು ಬಂದ. ಎಂದಿನ ಹಾಗೆ, ಮುಟ್ಟದಂತೆ ಮೇಲಿನಿಂದ ಹಾಕಲು ಕೈ ಎತ್ತಿದ. ಸೆಲ್ವಿ ಮರ ಹಿಡಿದು ಎದ್ದು ನಿಂತಳು, ಕೈ ಚಾಚಲಿಲ್ಲ.

"ಸಾಮಿ, ಎಲಿಕ್ಕು ಪೂಜೆ ಪಣ್ಣೀಂಗ," ಅಂದಳು ಮೆಲ್ಲಗೆ. "ಎನಕ್ಕು ಎನ್ನ ಪಣ್ಣೀಂಗ?"

ಇಲಿಗೆ ಪೂಜೆ ಮಾಡಿದಿರಿ, ನನಗೇನು ಮಾಡಿದಿರಿ ಅಂತ. ದನಿಯಲ್ಲಿ ಜಗಳವಿರಲಿಲ್ಲ, ತಿಳಿದುಕೊಳ್ಳಬೇಕು ಅಂತಲೇ ಕೇಳಿದ ಹಾಗಿತ್ತು. ಜೀವಮಾನವಿಡೀ ಕಕ್ಷಿಗಾರರ ಜೊತೆ ಅರಳು ಹುರಿದ ಹಾಗೆ ತಮಿಳು ಮಾತಾಡುವ ಅಣ್ಣ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದ.

"ಡ್ರೈವರ್ ಕೈಲಿ ಸೇಬು ಕಳ್ಸಿದ್ನಲ್ಲ," ಅಂದ ಕನ್ನಡದಲ್ಲಿ. "ಹೇಳು ಅವಳಿಗೆ."

"ಎದುರಿಗೇ ನಿಂತಿದಾಳೆ," ಅಂದೆ. "ನೀನೇ ಹೇಳು."

ಅವನು ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಕಾರಿನ ಕಡೆ ನಡೆದ.